ಬ್ರೆಡ್ಡಿನ ಘಮಕ್ಕೂ ಬಾಡಿಗೆ

ಬೆಳಿಗ್ಗೆ ಹನ್ನೊಂದಕ್ಕೆ ಮನೆ ಮಾಲೀಕ ಬಾಗಿಲು ತಟ್ಟದೆ ಒಳಗೆ ಬಂದ. ಅವನ ಹಿಂದೆ ಮನೆ ನೋಡಲು ಬಂದ ಗಂಡ ಹೆಂಡತಿ. ಒಳಕೋಣೆಯಲ್ಲಿ ಬಾಡಿಗೆದಾರ ಮಲಗಿದ್ದ. ಪಕ್ಕದ ಬೇಕರಿಯಲ್ಲಿ ಅವನಿಗೆ ಕೆಲಸ. ಬೆಳಗಿನ ಜಾವ ಮೂರಕ್ಕೆ ಹಿಟ್ಟು ನಾದಲು ನಿಂತವನಿಗೆ ಹನ್ನೊಂದೆಂದರೆ ನಡುರಾತ್ರಿ.

ಅವನ ಹೆಂಡತಿ ಕೋಣೆಗೆ ಅಡ್ಡ ನಿಂತಳು. “ಮಲಗಿದ್ದಾರೆ.”

“ಮಲಗಿರ್ಲಿ ಬಿಡಮ್ಮ. ನಾವು ನೋಡೋದು ಮನೇನ, ಅವನನ್ನಲ್ಲ.”

ಆ ಬೀದಿಯಲ್ಲಿ ಮೊದಲು ಗುಜರಿ ಅಂಗಡಿಯಿತ್ತು, ಗ್ಯಾರೇಜಿತ್ತು. ಅವು ಹೋಗಿ ಕಾಫಿ ಅಂಗಡಿಗಳು ಬಂದವು. ಬಾಡಿಗೆ ಏರಿತು. ದರ್ಜಿ ಹೋದ, ಆಟೊದವನು ಹೋದ. ಈಗ ಇವರ ಮನೆಗೂ ಹೆಚ್ಚುಕಮ್ಮಿ ಎರಡು ಪಟ್ಟು ಕೇಳಿ, ಆಗದಿದ್ದರೆ ತಿಂಗಳ ಕೊನೆಗೆ ಖಾಲಿ ಮಾಡಿ ಎಂದಿದ್ದ ಮಾಲೀಕ.

ಬಂದಾಕೆ ಕಿಟಕಿ ತೆರೆದಳು. “ಆಹಾ, ಏನ್ ಘಮ!”

“ಪಕ್ಕದಲ್ಲೇ ಬೇಕರಿ, ಮೇಡಂ. ಬಿಸಿ ಬ್ರೆಡ್ಡಿನ ಘಮ ಅಂತ ಜಾಹೀರಾತಲ್ಲೂ ಹಾಕಿದ್ದೀನಿ.”

ಬಾಡಿಗೆದಾರ ಬನಿಯನ್ನಿನಲ್ಲೇ ಎದ್ದು ಬಂದ. “ಆ ಬ್ರೆಡ್ ಮಾಡೋನು ನಾನು. ನನ್ನ ಓಡಿಸಿ ನನ್ನ ಘಮ ಮಾರ್ತಿದ್ದೀರಾ?”

“ಓಡಿಸೋದೇನು ಬಂತು? ಮಾರ್ಕೆಟ್ ರೇಟು ಕಣಯ್ಯ.”

“ಯಾರ್ರೀ ಅವನು ಮಾರ್ಕೆಟ್ಟು?” ಎಂದಳು ಬಾಡಿಗೆದಾರನ ಹೆಂಡತಿ. “ಕರ್ಕೊಂಡು ಬನ್ನಿ. ನಾಲ್ಕು ಮಾತು ಕೇಳ್ತೀನಿ.”

“ನಡೆದು ಹೋಗೋಷ್ಟು ದೂರದಲ್ಲಿ ಮನೆ ಇರ್ಬೇಕು, ಸಾರ್,” ಎಂದ ಬಾಡಿಗೆದಾರ. “ಮೂರು ಗಂಟೆಗೆ ಯಾವ ಬಸ್ಸೂ ಇಲ್ಲ. ಕೆಲಸ ಹೋಗತ್ತೆ.”

“ಒಂಚೂರು ತಡವಾಗಿ ಹೋಗು.”

“ಹಿಟ್ಟಿಗೆ ನೀವೇ ಹೇಳಿ, ತಡವಾಗಿ ಉಬ್ಬು ಅಂತ.”

ಮನೆ ನೋಡಲು ಬಂದ ಗಂಡ ಗಂಟಲು ಸರಿಮಾಡಿಕೊಂಡ. “ತಪ್ಪು ತಿಳೀಬೇಡಿ. ನಾವು ಮೊದಲು ನದಿ ಕಡೆ ಬಾಡಿಗೆಗೆ ಇದ್ವಿ. ಅಲ್ಲಿ ನಮ್ಮನ್ನೂ ಹೀಗೇ ಬಾಡಿಗೆ ಏರಿಸಿ ಬಿಡಿಸಿದ್ರು.”

“ಅಂದ್ರೆ ಗೊತ್ತಿದ್ದೂ ಬಂದಿದ್ದೀರಿ,” ಎಂದಳು ಬಾಡಿಗೆದಾರನ ಹೆಂಡತಿ.

ಬಂದಾಕೆ ಆಗಲೇ ಗೋಡೆಗೆ ಗೇಣು ಹಾಕಿ, ತಮ್ಮ ಬೀರು ಹಿಡಿಯುತ್ತದೆಯೇ ಎಂದು ಅಳೆಯುತ್ತಿದ್ದಳು. ಬಾಡಿಗೆದಾರ ಅವಳ ಮುಂದೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತ. “ತಿಂಗಳ ಕೊನೆವರೆಗೆ ಇದು ನನ್ನ ಮನೆ. ಆಚೆ ನಡೀರಿ.”

ಮೂವರೂ ಹೊರಗೆ ಹೋದರು. ಮುಂಗಡದ ಮಾತು ಮೆಟ್ಟಿಲ ಮೇಲೇ ಮುಗಿಯಿತು.

ಬಾಡಿಗೆದಾರ ಮತ್ತು ಅವನ ಹೆಂಡತಿಗೆ ಊರಂಚಿನಲ್ಲೊಂದು ಮನೆ ಸಿಕ್ಕಿತು. ಅಲ್ಲಿಂದ ಮೊದಲ ಬಸ್ಸು ಐದೂವರೆಗೆ. ಎರಡನೆಯ ವಾರ ಬೇಕರಿಯವರು ಅವನ ಜಾಗಕ್ಕೆ ಬೇರೊಬ್ಬನನ್ನು ಇಟ್ಟುಕೊಂಡರು. ಆ ಹೊಸಬನಿಗೂ ಆ ಬೀದಿಯಲ್ಲಿ ಮನೆ ಸಿಗಲಿಲ್ಲ. ಅಂಗಡಿಯೊಳಗೇ, ಮೈದಾ ಮೂಟೆಗಳ ನಡುವೆ ಮಲಗುತ್ತಾನೆ.