ಹಿಂದೆ ಬಿದ್ದ ಗೆರೆ

ಬಟ್ಟೆ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ಸರ್ವರ್ ನೋಡಿಕೊಳ್ಳುವುದು ಅವನ ಕೆಲಸ. ಅಕ್ಕ ಅಲ್ಲಿಯೇ ಹೊದಿಕೆಗಳಿಗೆ ಹೂಬಳ್ಳಿಗಳ ವಿನ್ಯಾಸ ಬರೆಯುವವಳು. "ಇವನು ಸರ್ವರ್ ಕೆಲಸ ಅಂದಾಗ ಅಮ್ಮ, ಪಾಪ, ಹೋಟ್ಲಲ್ಲಿ ಲೋಟ ಎತ್ತುತ್ತಾನೆ ಅಂದ್ಕೊಂಡು ಅತ್ತಿದ್ಲು" ಎಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು.

ಲಕ್ವ ಹೊಡೆದು ಅವಳ ಬಲಗೈ ಬಿದ್ದುಹೋಯಿತು. ಚಮಚ ಹಿಡಿಯುವುದರಿಂದ ಶುರುಮಾಡಿ, ಎಂಟು ತಿಂಗಳು ಹಲ್ಲು ಕಚ್ಚಿ, ಮತ್ತೆ ಗೆರೆ ಎಳೆಯಲು ಕಲಿತಳು. ಆದರೆ ದಿನಾ ಕಾರ್ಖಾನೆಯವರೆಗೆ ಓಡಾಡಲಾಗದು. ತಮ್ಮನೇ ಅವಳ ಮನೆಯಲ್ಲಿ ಮಾನಿಟರು, ಬರೆಯುವ ಹಲಗೆ, ಪೆನ್ನು ಜೋಡಿಸಿಕೊಟ್ಟ. ಪ್ರೋಗ್ರಾಂ ಓಡುವುದು ಕಾರ್ಖಾನೆಯ ಸರ್ವರಿನಲ್ಲಿ. ಅವಳು ಎಳೆದ ಗೆರೆ ಅಲ್ಲಿಗೆ ಹೋಗಿ, ಅದರ ಚಿತ್ರ ಮಾತ್ರ ಅವಳ ಪರದೆಗೆ ಮರಳಿ ಬರುವುದು. ಅವಳ ಮನೆಯ ಇಂಟರ್‌ನೆಟ್ ಲೈನು ತೀರಾ ಸಣ್ಣದು. ಚಿತ್ರವನ್ನು ಹಿಂಡಿ ಚಿಕ್ಕದು ಮಾಡಿ ಕಳಿಸಿದರೆ ಸರಾಗ. ಹಿಂಡುವ ಭಾರವೆಲ್ಲ ಸರ್ವರಿನ ಮೇಲೆ. ಅವನು ಯಾರಿಗೂ ಹೇಳದೆ ಹಾಗೆಯೇ ಮಾಡಿಟ್ಟ.

ಕೆಲಸ ಹೆಚ್ಚಿದ ತಿಂಗಳು ಸರ್ವರ್ ಏದುಸಿರು ಬಿಡತೊಡಗಿತು. ಮ್ಯಾನೇಜರ್ ಬಂದು ಕಾರಣ ಕೇಳಿದಾಗ ಅವನು ಹೇಳಲೇಬೇಕಾಯಿತು. "ಒಬ್ಬರಿಗೋಸ್ಕರ ನಲವತ್ತು ಜನ ಕೈಕಟ್ಟಿ ಕೂತಿದ್ದಾರಲ್ರೀ! ತೆಗೀರಿ ಅದನ್ನ."

ಚಿತ್ರದ ಬಣ್ಣ ಕಡಿಮೆ ಮಾಡಿದ್ದರೂ ಲೈನು ಹಗುರಾಗುತ್ತಿತ್ತು. ಆದರೆ ಬಣ್ಣವೇ ಅವಳ ಅನ್ನ. ಅವನು ಹಿಂಡುವುದನ್ನು ನಿಲ್ಲಿಸಿದ.

ಮರುದಿನವೇ ಅಕ್ಕನ ಫೋನು. "ಪೆನ್ ಮುಂದೆ ಹೋಗುತ್ತೆ, ಗೆರೆ ಆಮೇಲೆ ಬರುತ್ತೆ. ಕೈ ಮತ್ತೆ ಮಾತು ಕೇಳ್ತಿಲ್ಲ ಕಣೋ."

ಹೇಳಬಹುದಿತ್ತು. 'ನಾನೇ ನಿಲ್ಲಿಸಿದೆ' ಎನ್ನಲು ನಾಲಿಗೆ ಏಳಲಿಲ್ಲ. ಹೊಸ ಸರ್ವರ್ ಬರುವ ಮಾತಿತ್ತು. ಅಷ್ಟರಲ್ಲಿ ಸರಿಹೋದೀತು ಎಂದುಕೊಂಡ. "ಸ್ವಲ್ಪ ರೆಸ್ಟ್ ತಗೋ ಅಕ್ಕ" ಎಂದ.

ಮೂರು ವಾರದ ನಂತರ ಅವಳ ರಾಜೀನಾಮೆ ಬಂದ ಸುದ್ದಿಯನ್ನು ಮ್ಯಾನೇಜರ್ ಹೇಳಿದಾಗ, ಕೈಯಲ್ಲಿದ್ದ ಕೆಲಸ ಬಿಟ್ಟು ಬಸ್ಸು ಹತ್ತಿದ.

ಅವಳು ಹಲಗೆ, ಪೆನ್ನುಗಳನ್ನು ಡಬ್ಬಿಗೆ ತುಂಬಿ ಬಾಗಿಲ ಪಕ್ಕ ಇಟ್ಟಿದ್ದಳು. ಅವನು ನಿಂತುಕೊಂಡೇ ಎಲ್ಲ ಹೇಳಿದ.

"ಹಂಗಾದ್ರೆ ನನ್ನ ಕೈ ಸರಿಯಾಗೇ ಇತ್ತಾ?"

"ಇತ್ತು ಅಕ್ಕ."

"ನಿಂಗೆ ಗೊತ್ತಿತ್ತಾ?"

"ಮೊದಲ ದಿನದಿಂದ್ಲೇ ಗೊತ್ತಿತ್ತು."

"ಮೂರು ವಾರ ಈ ಕೈನ ಬಾಯಿಗೆ ಬಂದಂಗೆ ಬೈದೆ. ಗೋಡೆಗೆ ಚಚ್ಚಿದೆ." ಅಂಗೈಯ ಅಂಚು ಇನ್ನೂ ನೀಲಿಗಟ್ಟಿತ್ತು. "ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ."

ಅವನು ಕಾಲು ಹಿಡಿಯಲು ಬಗ್ಗಿದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

ರಾಜೀನಾಮೆ ವಾಪಸು ಪಡೆಯುವಂತೆ ಅವನು ಬೇಡಿಕೊಂಡ. ಮ್ಯಾನೇಜರೂ ಫೋನು ಮಾಡಿದರು. ಅವಳು ಒಪ್ಪಲಿಲ್ಲ. ಪೆನ್ನು ಹಿಡಿದರೆ ಈಗ ನಿಜಕ್ಕೂ ಕೈ ನಡುಗುತ್ತದೆ ಎಂದಳು.

ಈಗಲೂ ಪ್ರತಿ ಭಾನುವಾರ ಒಬ್ಬನೇ ಹೋಗುತ್ತಾನೆ. ಅವಳು ಟೀ ಕೊಡುತ್ತಾಳೆ, ಅವನ ಮಕ್ಕಳ ಓದು ವಿಚಾರಿಸುತ್ತಾಳೆ, ಬಾಗಿಲವರೆಗೂ ಬರುತ್ತಾಳೆ. "ಹುಷಾರಾಗಿ ಹೋಗಿ ಬನ್ನಿ" ಎನ್ನುತ್ತಾಳೆ, ಎತ್ತಿ ಆಡಿಸಿದ ತಮ್ಮನಿಗೆ.