ದಾನಪ್ಪ ಪೈಲ್ವಾನರ ಬಲಭುಜ

ದಾನಪ್ಪ ಪೈಲ್ವಾನರ ಬಲಗೈ ಕಿವಿಯಿಂದ ಮೇಲೆ ಏಳುತ್ತಿರಲಿಲ್ಲ. ನಲವತ್ತೈದು ವರ್ಷದಿಂದ ಅವರು ತಲೆ ಬಾಚಿದ್ದು ಎಡಗೈಯಲ್ಲಿ, ಮುಧೋಳದ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದದ್ದೂ ಎಡಗೈಯಲ್ಲೇ. ಜಮಖಂಡಿಯ ಕುಸ್ತಿಯಲ್ಲಿ ಭುಜ ಹೋದ ಪೈಲ್ವಾನ ಎಂದು ಊರೆಲ್ಲ ಮರುಗುತ್ತಿತ್ತು. ಆ ಭುಜವನ್ನು ನೋಡುತ್ತ ಬೆಳೆದ ಮಗಳು ವಿದ್ಯಾವತಿ ಹಟ ಹಿಡಿದು ಮೂಳೆ ಡಾಕ್ಟರಾದಳು. ಈಗ ನಾರ್ತ್ ಕೆರೋಲೈನಾದ ಮಾರಿಸ್‌ವಿಲ್‌ನಲ್ಲಿ ಅವಳದೇ ಕ್ಲಿನಿಕ್ಕು. ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ಪ್ರತಿ ಭಾನುವಾರ ಕುಸುಬಿ ಎಣ್ಣೆ ಬಿಸಿ ಮಾಡಿ ಅಪ್ಪನ ಭುಜಕ್ಕೆ ತಿಕ್ಕುವುದು ಅವಳು ತಪ್ಪಿಸದ ರೂಢಿ. ಎಕ್ಸ್-ರೇ ತೆಗೆಸೋಣ ಎಂದರೆ ಮಾತ್ರ ಪೈಲ್ವಾನರು ಸುತರಾಂ ಒಪ್ಪುತ್ತಿರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತಾರರ ಏಪ್ರಿಲ್. ಪೈನ್ ಮರಗಳು ಹಳದಿ ಪುಡಿ ಉದುರಿಸುವ ಕಾಲ. ಕಾರು, ಮೆಟ್ಟಿಲು, ಅಂಚೆಪೆಟ್ಟಿಗೆ ಎಲ್ಲದರ ಮೇಲೂ ಜಾತ್ರೆಯಲ್ಲಿ ಅರಿಶಿನದ ಭಂಡಾರ ತೂರಿದಂತೆ ಹಳದಿ. ಆ ಹಳದಿ ಬೆಳಕಿನಲ್ಲಿ ಪೈಲ್ವಾನರು ಇಡೀ ದಿನ ಅರೆನಿದ್ದೆಯಲ್ಲೇ ಇರುತ್ತಿದ್ದರು.

ಆ ಶನಿವಾರ ಮಗಳು ಅವರನ್ನು ಹೆರನ್ಸ್ ತಂಡ ಆಡುವ ದೊಡ್ಡ ಹಾಲ್‌ಗೆ ಕರೆದುಕೊಂಡು ಹೋದಳು. ಸಂಬಳಕ್ಕೆ ಬಾಸ್ಕೆಟ್‌ಬಾಲ್ ಆಡುವ ಸಣ್ಣ ಲೀಗಿನ ತಂಡ ಅದು. ಆ ಲೀಗಿನಲ್ಲಿ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮುಂದಿನ ವರ್ಷ ಹೊಸ ಆಟಗಾರರನ್ನು ಎಲ್ಲರಿಗಿಂತ ಮೊದಲು ಆರಿಸುವ ಹಕ್ಕು. ಪಾಪ, ಸೋತವರಿಗೆ ಆಸರೆಯಾಗಲಿ ಎಂದು ಮಾಡಿದ್ದು. ಜನ ಬಿಡುತ್ತಾರೆಯೇ! ಬೇಕೆಂದೇ ಸೋಲತೊಡಗಿದರು, ಒಳ್ಳೆಯ ಆಟಗಾರನಿಗೆ ಇಲ್ಲದ ನೋವು ಅಂಟಿಸಿ ಬೆಂಚಿನ ಮೇಲೆ ಕೂರಿಸಿದರು. ಇದನ್ನು ತಡೆಯಲು ಲೀಗಿನವರು ಹೊಸ ನಿಯಮ ತಂದರು: ಹೊರಗಿನ ಡಾಕ್ಟರ ಸಹಿ ಇಲ್ಲದೆ ಯಾರನ್ನೂ ಕೂರಿಸುವಂತಿಲ್ಲ. ಹೆರನ್ಸ್ ತಂಡಕ್ಕೆ ಆ ಹೊರಗಿನ ಡಾಕ್ಟರು ವಿದ್ಯಾವತಿ.

ಮಧ್ಯಾಹ್ನದ ಹೊತ್ತು, ಹಾಲ್ ಖಾಲಿ. ಮರದ ನೆಲ ನೀರಿನಂತೆ ಹೊಳೆಯುತ್ತಿತ್ತು. ವಿದ್ಯಾವತಿ ಮೊಣಕಾಲು ನೋಡಬೇಕಿದ್ದ ಡ್ವೇನ್ ಎಂಬ ಎತ್ತರದ ಆಟಗಾರ ಒಬ್ಬನೇ ಓಡಿ ಬಂದು ಚೆಂಡು ಹಿಡಿದು ಮೇಲೇಳುತ್ತಿದ್ದ. ಎದ್ದವನು ಇಳಿಯುವುದನ್ನೇ ಮರೆತಂತೆ ಅಲ್ಲೇ ನಿಲ್ಲುತ್ತಿದ್ದ. ನೋಡುತ್ತ ನೋಡುತ್ತ ಪೈಲ್ವಾನರ ಕಣ್ಣಿಗೆ ಮರದ ನೆಲ ಕೆಂಪು ಮಣ್ಣಾಯಿತು. ಮಜ್ಜಿಗೆ, ಅರಿಶಿನ, ಎಣ್ಣೆ ಕಲಸಿದ ಗರಡಿಯ ಮಣ್ಣಿನ ವಾಸನೆ ಮೂಗಿಗೆ ಬಂತು. ಡ್ವೇನ್ ಇಳಿದ. ಎರಡೂ ಮೊಣಕಾಲು ಸಮವಾಗಿ ಭಾರ ಹೊತ್ತವು. ಅಯ್ಯೋ, ಇವನ ಮೊಣಕಾಲಿಗೆ ಏನೂ ಆಗಿಲ್ಲವಲ್ಲ ಎಂದುಕೊಂಡರು ಪೈಲ್ವಾನರು.

ಅಷ್ಟರಲ್ಲಿ ತಂಡದ ಮ್ಯಾನೇಜರು ನಗುನಗುತ್ತ ವಿದ್ಯಾವತಿಯ ಕೈಗೆ ಒಂದು ಕಾಗದ ಕೊಟ್ಟು ಮಾತಾಡತೊಡಗಿದ. ಇನ್ನು ಆರೇ ಆಟ, ಮೊಣಕಾಲು ಊದಿದೆ ಎಂದು ಬರೆದರಾಯಿತು, ಮುಂದಿನ ವರ್ಷದಿಂದ ತಂಡದ ಚಿಕಿತ್ಸೆಯೆಲ್ಲ ನಿಮ್ಮ ಕ್ಲಿನಿಕ್ಕಿಗೇ. ಪೈಲ್ವಾನರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ 'ನೆಕ್ಸ್ಟ್ ಇಯರ್' ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿತು.

ಮರುದಿನ ಭಾನುವಾರ. ಆ ಕಾಗದ ಅಡುಗೆಮನೆಯ ಟೇಬಲ್ ಮೇಲೆ ಹಾಗೇ ಇತ್ತು. ವಿದ್ಯಾವತಿ ಅಪ್ಪನ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದಳು.

"ಏನ್ ಬರೀತೀ ಅವ್ವಾ?"

"ತಿಳೀವಲ್ದಪ್ಪಾ. ಮೊಣಕಾಲು ಪರ್ಫೆಕ್ಟ್ ಐತಿ. ಆದ್ರ ಸ್ವಲ್ಪ ಸ್ವೆಲಿಂಗ್ ಐತಿ ಅಂತ ಬರದ್ರ ಯಾರಿಗೆ ಏನ್ ಲಾಸ್? ಆರು ಗೇಮ್ ಕುಂದರ್ತಾನ, ಅಷ್ಟ. ಬರೋ ವರ್ಷ ಟೀಮ್ ಚಲೋ ಆಗ್ತೈತಿ."

ಪೈಲ್ವಾನರು ಕಣ್ಣು ಮುಚ್ಚಿದರು. ಲೋಕದ ಕಣ್ಣಲ್ಲಿ ಬಿದ್ದರೆ ಎದ್ದೇನು. ಇರುವ ಒಬ್ಬ ಮಗಳ ಕಣ್ಣಲ್ಲಿ ಬಿದ್ದರೆ ಎಲ್ಲಿ ಏಳಲಿ? ಹೇಳದೆ ಇರೋಣವೆಂದರೆ ಮುಚ್ಚಿದ ಕಣ್ಣೊಳಗೆ ಡ್ವೇನ್ ಇನ್ನೂ ಗಾಳಿಯಲ್ಲೇ ನಿಂತಿದ್ದ.

"ನನಗೂ ಬರೋ ವರ್ಷ ಅಂದಿದ್ರವ್ವಾ," ಎಂದರು. "ಜಮಖಂಡಿ ಕುಸ್ತಿ ದಿನ ಮುಂಜಾನೆ ನನಗ ಕುಸ್ತಿ ಕಲಿಸಿದ ವಸ್ತಾದ ಅಣ್ಣಾಸಾಹೇಬ್ರು ಬಂದು, ಇವತ್ತ ಬೀಳು ದಾನಪ್ಪಾ, ಬರೋ ವರ್ಷ ಕೊಲ್ಹಾಪುರದಾಗ ದೊಡ್ಡ ಪೈಲ್ವಾನನ ಜೋಡಿ ಕುಸ್ತಿ ಹಚ್ಚಿಸ್ತೀನಿ ಅಂದ್ರು. ಬಿದ್ದೆ. ಮಂದಿಗೆ ಸಂಶಯ ಬರಬಾರ್ದಂತ ಭುಜಕ್ಕ ಅರಿವಿ ಸುತ್ತಿದ್ರು. ಈ ಭುಜಕ್ಕ ಏನೂ ಆಗಿಲ್ಲ. ಬಚ್ಚಲಮನ್ಯಾಗ ಬಾಗ್ಲಾ ಹಾಕ್ಕೊಂಡು ಎರಡೂ ಕೈಲೆ ತಲಿ ತೊಳ್ಕೊಂತೀನಿ."

ಮಗಳ ಕೈ ನಿಂತಿತು. "ಮತ್ತ ಕೊಲ್ಹಾಪುರದಾಗ?"

"ಬೀಳಬಾರ್ದು ಅಂದ್ಕೊಂಡ್ರೂ ಮೈ ತಾನ ಬಿತ್ತು. ನಾನ ಅದಕ್ಕ ಒಮ್ಮಿ ಬೀಳಾಕ ಕಲಿಸಿದ್ನಲ್ಲಾ, ಅದು ಮರೀಲಿಲ್ಲ. ಆಮ್ಯಾಲ ಒಂದೂ ಗೆಲ್ಲಲಿಲ್ಲ."

"ಅಪ್ಪಾ, ನಾ ಈ ಭುಜದ ಸಲುವಾಗಿ ಡಾಕ್ಟರ್ ಆದೆ."

"ಗೊತ್ತೈತವ್ವಾ. ಅದಕ್ಕ ಬಾಯಿ ಬಿಡಲಿಲ್ಲ."

ಅವಳು ಎಣ್ಣೆ ಸೀಸೆಯ ಮುಚ್ಚಳ ತಿರುಗಿಸಿ, ಕೈ ತೊಳೆದು, ಕಾಗದ ಎತ್ತಿಕೊಂಡು ಮಹಡಿ ಹತ್ತಿದಳು. ಅರ್ಧ ಭುಜಕ್ಕೆ ಎಣ್ಣೆ, ಅರ್ಧ ಒಣ. ಪೈಲ್ವಾನರು ಅಂಗಿಯಿಲ್ಲದೆ ಅಲ್ಲೇ ಕೂತಿದ್ದರು.

ಮೂರು ದಿನ ಮನೆಯಲ್ಲಿ "ಊಟಾ ಮಾಡು" ಎಂಬುದನ್ನು ಬಿಟ್ಟು ಮಾತಿಲ್ಲ. ಕಣ್ಣು ಮುಚ್ಚಿದರೆ ಪೈಲ್ವಾನರಿಗೆ ಒಂದೇ ಕನಸು. ಗರಡಿಯ ತುಂಬ ಹಳದಿ ಪುಡಿ. ಅದರೊಳಗೆ ತಾವು ಮೆಲ್ಲಗೆ, ಬಹಳ ಮೆಲ್ಲಗೆ ಬೀಳುತ್ತಿದ್ದಾರೆ, ನೆಲ ಮಾತ್ರ ಸಿಗುತ್ತಿಲ್ಲ. ಎಚ್ಚರವಾದರೆ, ಹೇಳಬಾರದಿತ್ತೇನೋ ಎಂಬ ಯೋಚನೆ.

ಬುಧವಾರ ಸಂಜೆ ವಿದ್ಯಾವತಿ ಕಾರಿನ ಕೀಲಿ ಹಿಡಿದು ಬಂದು ನಿಂತಳು. "ಅಂಗಿ ಹಾಕ್ಕೊ. ಗೇಮ್ ಐತಿ."

ದಾರಿಯುದ್ದಕ್ಕೂ ಮುಂದಿನ ಕಾರುಗಳ ಹಿಂದೆ ಹಳದಿ ಪುಡಿ ಏಳುತ್ತಿತ್ತು. ಕಾಗದದಲ್ಲಿ ಏನು ಬರೆದೆ ಎಂದು ಕೇಳುವ ಧೈರ್ಯ ಪೈಲ್ವಾನರಿಗೆ ಬರಲಿಲ್ಲ.

ಹಾಲ್‌ನಲ್ಲಿ ದೀಪ ಆರಿಸಿ ಆಟಗಾರರ ಹೆಸರು ಕರೆದರು. ಒಂದು, ಎರಡು, ಮೂರು, ನಾಲ್ಕು. ಕಡೆಗೆ ಡ್ವೇನ್ ಹೆಸರು ಬಂತು, ಅವನು ಕತ್ತಲೆಯಿಂದ ಓಡಿ ಬಂದ. ಎದುರು ಬದಿಯಲ್ಲಿದ್ದ ಮ್ಯಾನೇಜರು ವಿದ್ಯಾವತಿಯನ್ನು ಒಮ್ಮೆ ದುರುಗುಟ್ಟಿ ನೋಡಿ ಮುಖ ತಿರುಗಿಸಿದ. ಬರೋ ವರ್ಷ ಅವಳಿಗೆ ಆ ತಂಡದ ಒಂದು ಉಳುಕೂ ಸಿಗಲಾರದು. ಅವಳು ಮಡಿಲಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ಆಟ ನೋಡುತ್ತಿದ್ದಳು.

ಡ್ವೇನ್ ಚೆಂಡು ಹಿಡಿದು ಓಡಿದ, ಎದ್ದ. ಪೈಲ್ವಾನರಿಗೆ ಹಾಲ್‌ನ ಗದ್ದಲವೆಲ್ಲ ಅಡಗಿದಂತಾಯಿತು. ಚೆಂಡು ಬಲೆಯೊಳಗೆ ಬಿತ್ತು. ಜನ ಕೂಗುತ್ತ ಎದ್ದರು, ಅವರೂ ಎದ್ದರು. ಮೊದಲು ಎಡಗೈ ಮೇಲೆ ಹೋಯಿತು. ಹಿಂದೆಯೇ ಬಲಗೈ, ಕಿವಿ ದಾಟಿತು, ತಲೆಗೆ ಸುತ್ತಿದ ರುಮಾಲು ದಾಟಿತು, ನೇರ ಮೇಲಕ್ಕೆ. ನಾಲ್ಕು ಜನರೆದುರು ಆ ಕೈ ಎದ್ದು ನಲವತ್ತೈದು ವರ್ಷವಾಗಿತ್ತು. ಏಳುವುದನ್ನೂ ಮೈ ಮರೆತಿರಲಿಲ್ಲ.

ವಿದ್ಯಾವತಿ ಆ ಕೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಅಪ್ಪನ ಅಂಗಿಯ ತೋಳು ಹಿಡಿದೆಳೆದಳು. ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ಸಾವಕಾಶಪ್ಪಾ," ಅಂದಳು, "ಭುಜಾ ನೋಯ್ತೈತಿ."

ಪೈಲ್ವಾನರು ಕೈ ಇಳಿಸಲಿಲ್ಲ.