ರೋಲರಿಗೆ ಸುತ್ತಿದ ಬಟ್ಟೆ

ಜವಳಿ ಯಂತ್ರಗಳ ಬಿಡಿಭಾಗಗಳನ್ನು ಹಡಗಿಗೆ ಕಳಿಸಲು ಪೆಟ್ಟಿಗೆ ಕಟ್ಟುವ ಆ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಮುಚ್ಚಳಕ್ಕೆ ಮೊಳೆ ಹೊಡೆದ ಮೇಲೆ ಇಬ್ಬರು ಆಳುಗಳು ಪೆಟ್ಟಿಗೆಯನ್ನು ಹಿಡಿದು ಆ ಕಡೆ ಈ ಕಡೆ ವಾಲಿಸುತ್ತಾರೆ, ಇವಳು ಹಲಗೆಗೆ ಕಿವಿ ಹಚ್ಚಿ ಕೂರುತ್ತಾಳೆ. ಒಳಗೆ ಸೂಜಿ ಬಿದ್ದಷ್ಟು ಸದ್ದಾದರೂ "ಅಲ್ಲಾಡ್ತಿದೆ" ಎನ್ನುತ್ತಾಳೆ. ಅಂದಳೋ ಮುಗಿಯಿತು, ಮೊಳೆ ಕೀಳಲೇಬೇಕು. ಸಮುದ್ರದ ಮೇಲೆ ವಾರಗಟ್ಟಲೆ ಹೊಯ್ದಾಡಿಕೊಂಡು ಹೋಗುವ ಸಾಮಾನು ನೋಡಿ, ಇಲ್ಲಿ ಸಡಿಲವಾಗಿದ್ದದ್ದು ಅಲ್ಲಿ ಇಳಿಯುವಷ್ಟರಲ್ಲಿ ಹಾಳಾಗಿರುತ್ತದೆ. ಇದೊಂದು ಕಾರಣ ಬಿಟ್ಟರೆ ಮೊಳೆ ಹೊಡೆದ ಪೆಟ್ಟಿಗೆಯನ್ನು ಮತ್ತೆ ತೆರೆಯಕೂಡದು ಎಂಬುದು ಮೇಸ್ತ್ರಿಯ ಕಟ್ಟಪ್ಪಣೆ.

ಬಂದ ಸಾಮಾನನ್ನು ಮೊದಲು ವಿಂಗಡಿಸಬೇಕು. ಗೇರು, ಸರಳು, ಚೌಕಟ್ಟುಗಳದ್ದು ಒರಟು ಗುಂಪು. ಗ್ರೀಸು ಬಳಿದು ಸುತ್ತ ಹುಲ್ಲು ತುರುಕಿದರೆ ಸಾಕು. ನೂಲೆಳೆಯುವ ರೋಲರುಗಳದ್ದು ಮಾತ್ರ ದೊಡ್ಡ ದರ್ಬಾರು. ಅವುಗಳ ಮೈಮೇಲೆ ಉದ್ದಕ್ಕೂ ಕೊರೆದ ಗೆರೆಗಳಿರುತ್ತವೆ, ಒಂದು ಗೆರೆಗೆ ಪೆಟ್ಟಾದರೂ ನೂಲು ಕೆಡುತ್ತದೆ. ಅವುಗಳ ಪೆಟ್ಟಿಗೆಗೆ ಕೆಂಪು ಗುರುತು. ಹೊಸ ಬಟ್ಟೆ ಆ ಮಹಾರಾಯರಿಗೆ ಒಗ್ಗುವುದಿಲ್ಲ. ಒಗೆದು ಒಗೆದು ಬೆಣ್ಣೆಯಂತಾದ ಹಳೆಯ ಹತ್ತಿಬಟ್ಟೆಯೇ ಆಗಬೇಕು. ಅದನ್ನು ಕೆಲಸದವರೇ ತಂತಮ್ಮ ಮನೆಯಿಂದ ತರುವುದು ಶೆಡ್ಡಿನ ರೂಢಿ. ಯಾರ ಮನೆಯ ಹರಕು ಚಡ್ಡಿ ಯಾವ ದೇಶ ನೋಡಲು ಹೊರಟಿದೆಯೋ ಎಂದು ಹೆಂಗಸರು ನಗಾಡುತ್ತಿದ್ದರು.

ಆ ವಾರ ಕಿವಿಯಕ್ಕನ ಮನೆಯಲ್ಲಿ ಹಳೇ ಬಟ್ಟೆ ಮುಗಿದಿತ್ತು. ಹಾಸಿಗೆ ಹಿಡಿದಿದ್ದ ಅತ್ತೆಯ ಟ್ರಂಕಿನ ತಳದಲ್ಲಿ ಮಾಸಿದ ತುಂಡೊಂದು ಸಿಕ್ಕಿತು. ಕೈಗೆ ಎಷ್ಟು ಮೆತ್ತಗಿತ್ತೆಂದರೆ, ಇದು ರೋಲರಿಗೇ ಸರಿ ಎಂದುಕೊಂಡಳು. ಮಲಗಿದವರನ್ನು ಎಬ್ಬಿಸಿ ಚಿಂದಿಗೂ ಅಪ್ಪಣೆ ಕೇಳುವುದೇ? ಕೇಳಲಿಲ್ಲ. ಶೆಡ್ಡಿನಲ್ಲಿ ಅದನ್ನು ಪರ್ರನೆ ಎರಡಾಗಿ ಸೀಳಿ ಎರಡು ರೋಲರುಗಳಿಗೆ ಸುತ್ತಿ, ತಾನೇ ಕಿವಿ ಹಚ್ಚಿ, ಸರಿಯಾಗಿದೆ ಎಂದು ಒಪ್ಪಿಗೆ ಕೊಟ್ಟಳು.

ಮರುದಿನ ಸಂಜೆ ಅತ್ತೆ ಅವಳನ್ನು ಹತ್ತಿರ ಕೂರಿಸಿಕೊಂಡರು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿದ್ದರು. ಹಾಗೆಂದರೆ ಏನೆಂದು ಅತ್ತೆಗೂ ಗೊತ್ತಿತ್ತು. ಮಗನಿಗಿಂತ ಮೊದಲು ಒಂದು ಹೆಣ್ಣುಮಗು ಹುಟ್ಟಿತ್ತಂತೆ. ಹೆಸರಿಡುವ ಮೊದಲೇ ಹೋಯಿತಂತೆ. ಅದನ್ನು ಸುತ್ತಿ ಕಳಿಸಿದ ಬಟ್ಟೆಯಲ್ಲಿ ಉಳಿದ ತುಂಡು ಟ್ರಂಕಿನ ತಳದಲ್ಲಿದೆ, ತಾನು ಹೋಗುವಾಗ ಅದು ಜೊತೆಗಿರಲಿ, ಬೇರೆ ಏನೂ ಬೇಡ ಎಂದರು. ಇಷ್ಟು ವರ್ಷ ಈ ಮಾತನ್ನು ಮಗನಿಗೂ ಹೇಳಿರಲಿಲ್ಲ. ಕಿವಿಯಕ್ಕ ಹಿಂದಿನ ದಿನ ಸೀಳಿ ರೋಲರಿಗೆ ಸುತ್ತಿದ್ದು ಅದನ್ನೇ. ತಂದುಕೊಡುತ್ತೇನೆ ಎಂದು ಹೇಳಿ ಎದ್ದವಳಿಗೆ ಅಡುಗೆಮನೆಯಲ್ಲಿ ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ.

ಗಂಡನಿಗೆ ಹೇಳಿದಳು. ಅವನು, ಅಮ್ಮನಿಗೆ ಕಣ್ಣು ಮಂಜಾಗಿದೆ, ಬೇರೆ ಯಾವುದಾದರೂ ಹಳೇ ಬಟ್ಟೆ ಕೊಟ್ಟುಬಿಡು ಎಂದ. ಅವಳು ತನ್ನದೇ ಒಂದು ಹಳೇ ಬಟ್ಟೆ ಮಡಿಸಿಕೊಂಡು ಬಾಗಿಲವರೆಗೆ ಹೋದದ್ದೂ ಉಂಟು. ಸಾಯುವವರ ಕೈಗೆ ಸುಳ್ಳು ಕೊಡಲು ಮನಸ್ಸು ಬರಲಿಲ್ಲ, ಹಾಗೇ ಹಿಂದಕ್ಕೆ ಬಂದಳು.

ಬೆಳಿಗ್ಗೆ ಶೆಡ್ಡಿಗೆ ಓಡಿದಾಗ ಬಂದರಿಗೆ ಹೋಗುವ ಲಾರಿ ಆಗಲೇ ಬಂದು ನಿಂತಿತ್ತು. ಕೆಂಪು ಗುರುತಿನ ಪೆಟ್ಟಿಗೆ ಇನ್ನೂ ನೆಲದ ಮೇಲಿತ್ತು. ಇದ್ದದ್ದನ್ನು ಇದ್ದ ಹಾಗೆ ಮೇಸ್ತ್ರಿಗೆ ಹೇಳಬಹುದಿತ್ತು. ಆದರೆ ಹೋದ ವರ್ಷ ಬಡಗಿಯೊಬ್ಬ ಪೆಟ್ಟಿಗೆಯೊಳಗೆ ಮದುವೆಯ ಉಂಗುರ ಬಿದ್ದುಹೋಗಿದೆ ಎಂದು ಅತ್ತು ಕರೆದಾಗಲೂ ಮೇಸ್ತ್ರಿ ಜಗ್ಗಿರಲಿಲ್ಲ. ಉಂಗುರಕ್ಕೇ ತೆರೆಯದವನು ಚಿಂದಿಗೆ ತೆರೆದಾನೆಯೇ?

ಇನ್ನೊಂದು ಸಲ ವಾಲಿಸಿ ಎಂದು ಆಳುಗಳಿಗೆ ಹೇಳಿದಳು. ಕಿವಿ ಹಚ್ಚಿದಳು. ಒಳಗೆ ಒಂದಿಷ್ಟೂ ಸದ್ದಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದು ಅವಳೇ ತಾನೆ?

"ಅಲ್ಲಾಡ್ತಿದೆ," ಎಂದಳು.

ಶೆಡ್ಡಿಗೆ ಬಂದಂದಿನಿಂದ ಆ ಮಾತನ್ನು ಅವಳು ಸುಳ್ಳಾಗಿ ಆಡಿರಲಿಲ್ಲ. ಅವಳ ಹತ್ತಿರ ಇದ್ದ ಮರ್ಯಾದೆ ಎಂದರೆ ಅದೊಂದೇ. ಮೇಸ್ತ್ರಿ ಬಂದ, ತಾನೇ ಬಗ್ಗಿ ಹಲಗೆಗೆ ಕಿವಿ ಕೊಟ್ಟ, ಮತ್ತೆ ವಾಲಿಸಲು ಕೈಸನ್ನೆ ಮಾಡಿದ. ಎದ್ದು ಅವಳ ಮುಖ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಲಾರಿಯವನು ಹೊತ್ತಾಯಿತು ಎಂದು ಗೊಣಗಿದ. ಮೇಸ್ತ್ರಿ ಅವನಿಗೆ ಸುಮ್ಮನಿರಲು ಹೇಳಿ, ಮೊಳೆ ಕೀಳಿಸಿದ.

ಎರಡೂ ತುಂಡುಗಳು ಸಿಕ್ಕವು, ತುಕ್ಕು ಹಿಡಿಯದಂತೆ ರೋಲರಿಗೆ ಸವರಿದ ಎಣ್ಣೆಯಲ್ಲಿ ನೆನೆದಿದ್ದವು. ಅವಳು ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಸೀಳಿ ರೋಲರುಗಳಿಗೆ ಸುತ್ತಿದಳು. ಮತ್ತೆ ಮೊಳೆ ಬಿತ್ತು, ಲಾರಿ ಹೊರಟಿತು. ಮೇಸ್ತ್ರಿ ಪಕ್ಕಕ್ಕೆ ಬಂದು ನಿಂತ.

"ನನ್ನ ಕಿವೀನೂ ಚೆನ್ನಾಗೇ ಇದೆ ಕಿವಿಯಕ್ಕ. ಇದೊಂದ್ಸಲ ಆಯ್ತು. ಇನ್ನೊಂದ್ಸಲ ಬೇಡ."

ಅವಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮನೆಗೆ ಬಂದು ಬಟ್ಟೆಯನ್ನು ಎಷ್ಟು ತಿಕ್ಕಿ ಒಗೆದರೂ ಎಣ್ಣೆಯ ಕಲೆ ಹೋಗಲಿಲ್ಲ. ಎರಡು ತುಂಡನ್ನೂ ಸೇರಿಸಿ ಹೊಲಿದು ಅತ್ತೆಯ ಕೈಗೆ ಕೊಟ್ಟಳು. ಅತ್ತೆಯ ಬೆರಳು ಹೊಲಿಗೆಯ ಮೇಲೆ ನಿಂತಿತು. ಅವರು ಕೇಳುವ ಮೊದಲೇ ಅವಳು ಎಲ್ಲವನ್ನೂ ಹೇಳಿ, ತಪ್ಪಾಯಿತು ಎಂದು ಅತ್ತಳು. ಅತ್ತೆ ಹೊಲಿಗೆಯನ್ನು ಬೆರಳಿನಿಂದ ಸವರಿದರು.

"ಆ ಕಬ್ಬಿಣಕ್ಕೆ ಬಿಗಿಯಾಗಿ ಸುತ್ತಿದ್ಯೇನೇ?"

"ಹೂಂ ಅತ್ತೆ. ಒಂಚೂರೂ ಅಲ್ಲಾಡದ ಹಾಗೆ."

"ಆ ಮಗೂನ ಸುತ್ತುವಾಗ ನನ್ನ ಕೈ ನಡುಗಿಬಿಡ್ತು. ಸರಿಯಾಗಿ ಸುತ್ತೋಕೇ ಆಗಲಿಲ್ಲ. ನನ್ನನ್ನ ನೀನೇ ಸುತ್ತಬೇಕು, ಬೇರೆಯವರ ಕೈಗೆ ಬಿಡಬೇಡ."

ಅವಳು ಆಗಲಿ ಎಂದಳು.

ಆ ದಿನ ಬಂದದ್ದು ಒಂದು ಬೆಳಿಗ್ಗೆ, ಕರೆದರೂ ಅತ್ತೆ ಏಳಲಿಲ್ಲ. ಗಂಡ ಬಾಗಿಲಲ್ಲೇ ನಿಂತುಬಿಟ್ಟ, ಒಳಗೆ ಬರಲು ಅವನಿಗೆ ಧೈರ್ಯವಾಗಲಿಲ್ಲ. ಕಿವಿಯಕ್ಕ ಬಗ್ಗಿ ಅತ್ತೆಯ ಎದೆಗೆ ಕಿವಿ ಹಚ್ಚಿದಳು. ಈ ಸಲವಾದರೂ ಒಂದು ಸದ್ದು ಕೇಳಿಸಲಿ ಎಂದು ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ಎದ್ದು ಗಂಡನ ಕಡೆ ನೋಡಿ ಇಲ್ಲ ಎಂದು ತಲೆಯಾಡಿಸಿದಳು. ಅವಳು ಆ ಬಟ್ಟೆಯನ್ನು ಮಡಿಸಿ ಅತ್ತೆಯ ಎದೆಯ ಮೇಲಿಟ್ಟು, ಅವರ ಎರಡೂ ಕೈಗಳನ್ನು ಅದರ ಮೇಲಿರಿಸಿ, ಕಾಲಿನ ಕಡೆಯಿಂದ ಬಿಳಿ ಬಟ್ಟೆ ಸುತ್ತಲು ಶುರುಮಾಡಿದಳು.